ಮಗುಚದೆ ಉಳಿದ ರಾಶಿ

ಮಣ್ಣನ್ನು ಅನ್ನವಾಗಿಸಿ, ಅನ್ನದ ಉಳಿಕೆಯನ್ನು ಮತ್ತೆ ಮಣ್ಣಾಗಿಸುವ ಜಗದಾಧಾರನೇ, ನಿನ್ನ ಕಣ್ಣಿಗೆ ಹೊಲಸೆಂಬುದಿಲ್ಲ. ಮಡಿಲಿಗೆ ಬಿದ್ದ ಹೂವನ್ನೂ ಕೊಳೆತ ಹಣ್ಣನ್ನೂ ಒಂದೇ ಮೌನದಿಂದ ಸ್ವೀಕರಿಸುವ ಸರ್ವಂಸಹೆಯನ್ನು ನಮಗೆ ತಾಯಿಯಾಗಿ ಇತ್ತವನು ನೀನು. ಕೊಟ್ಟ ಮಾತಿಗೂ ಮಾಡಬೇಕಾದ ಕೆಲಸಕ್ಕೂ ನಡುವೆ ಸಿಕ್ಕಿ ಉಸಿರುಗಟ್ಟಿದ ಒಬ್ಬ ಹೆಣ್ಣುಮಗಳ ಕಥೆಯನ್ನು ಹೇಳಹೊರಟ ಈ ನಾಲಗೆ ಅವಳಿಗೆ ಅನ್ಯಾಯ ಮಾಡದಂತೆ ಕಾಯಿ.

ಆ ಊರು ಹತ್ತು ವರ್ಷಗಳಲ್ಲಿ ಇಮ್ಮಡಿಯಾಗಿತ್ತು. ಊರ ಹೊರಗೆಂದು ಹಿಂದಿನವರು ಕಸ ಸುರಿದ ಗುಡ್ಡದ ಬುಡಕ್ಕೇ ಹೊಸ ಮನೆಗಳ ಸಾಲು ಬಂದು ನಿಂತಿತು. ಗುಡ್ಡ ಒಳಗೊಳಗೇ ಹೊತ್ತಿ, ಅದರ ಹೊಗೆ ತೊಟ್ಟಿಲ ಕೂಸುಗಳನ್ನು ಕೆಮ್ಮಿಸತೊಡಗಿದಾಗ ನಗರಾಡಳಿತ ಅದನ್ನು ಮುಚ್ಚಿತು. ಆಯಾ ಬಡಾವಣೆಯ ಹಸಿಕಸ ಆಯಾ ಬಡಾವಣೆಯಲ್ಲೇ ಗೊಬ್ಬರವಾಗತಕ್ಕದ್ದೆಂದು ನಿಯಮ ಮಾಡಿತು. ನಿಯಮ ಮಾಡಿದವರಿಗೆ ಅದು ಒಂದು ಹಾಳೆ. ಪಾಲಿಸುವವರಿಗೆ ಅದು ಮನೆಗಳ ಎರಡು ಸಾಲಿನ ನಡುವೆ ಹೇಗೋ ಹೊಂದಿಸಿದ ಒಂದು ಅಂಗಳ, ಸೊಂಟದೆತ್ತರದ ಗೋಡೆಗಳಿಂದ ಬೇರ್ಪಡಿಸಿದ ಎಂಟು ಅಂಕಣ, ಮೇಲೊಂದು ತಗಡಿನ ಮಾಡು.

ಆ ಅಂಗಳವನ್ನು ನೋಡಿಕೊಳ್ಳುವವಳನ್ನು ಬೀದಿಯೆಲ್ಲ ರಾಶಿಯಕ್ಕ ಎಂದೇ ಕರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಂಗಳದ ಹಿಂಬದಿಯ ಎರಡು ಕೋಣೆಗಳಲ್ಲಿ ಅವಳೂ ಅವಳ ಅತ್ತೆಯೂ ಇಬ್ಬರೇ ಇದ್ದರು. ಕೆಲಸದೊಂದಿಗೆ ಬಂದ ಮನೆ ಅದು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕೈಗೂಡಿಸಲು ಒಬ್ಬ ಮುದುಕನಿದ್ದ. ನಲವತ್ತು ವರ್ಷ ಸಲಿಕೆ ಹಿಡಿದು ಬೆನ್ನು ಸಲಿಕೆಯಂತೆಯೇ ಬಾಗಿದ ಅವನಿಗೆ ಸಲಿಕೆಯಣ್ಣ ಎಂಬ ಹೆಸರು ತಾನಾಗಿ ಅಂಟಿತ್ತು.

ಅವರ ಕೆಲಸದ ಮರ್ಮ ಇಷ್ಟೇ: ಅಂಕಣ ಎಂಟು, ರಾಶಿ ಏಳು, ಒಂದು ಅಂಕಣ ಸದಾ ಬರಿದಾಗಿರಬೇಕು. ಪ್ರತಿ ಬುಧವಾರ ಹಣ್ಣಾದ ಕೊನೆಯ ರಾಶಿ ಜರಡಿಗೆ ಹೋಗುತ್ತದೆ. ಉಳಿದ ಒಂದೊಂದನ್ನೂ ಸಲಿಕೆಯಿಂದ ಮಗುಚಿ ಪಕ್ಕದ ಅಂಕಣಕ್ಕೆ ದಾಟಿಸಲಾಗುತ್ತದೆ. ಮೊದಲನೆಯದು ಖಾಲಿಯಾಗಿ ವಾರದ ಹೊಸ ಕಸಕ್ಕೆ ಬಾಯ್ತೆರೆಯುತ್ತದೆ. ಹೀಗೆ ಮಗುಚಿದಾಗಲೇ ರಾಶಿಯ ಹೊಟ್ಟೆಗೆ ಗಾಳಿ ಸೇರುವುದು. ಗಾಳಿ ಸೇರಿದ ರಾಶಿ ಕಾಯುತ್ತದೆ, ಕಾದ ರಾಶಿ ಮಣ್ಣಾಗುತ್ತದೆ. ಗಾಳಿ ತಪ್ಪಿದ ರಾಶಿ ಹುಳಿಯುತ್ತದೆ, ಹುಳಿತದ್ದು ನಾರುತ್ತದೆ. ಮಗುಚುವ ದಿನ ಅರ್ಧ ಹೊತ್ತು ಬೆಚ್ಚಗಿನ, ದಟ್ಟವಾದ ವಾಸನೆಯೊಂದು ಬೀದಿಯ ಮೇಲೆ ಕವಿಯುತ್ತಿತ್ತು. ಮೂರು ವರ್ಷಗಳಲ್ಲಿ ಬೀದಿ ಅದಕ್ಕೆ ಒಗ್ಗಿಕೊಂಡಿತ್ತು. ಬುಧವಾರ ಬಟ್ಟೆ ಒಣಹಾಕುವುದಿಲ್ಲ, ಅಷ್ಟೆ. ಹಸಿಯನ್ನೂ ಒಣವನ್ನೂ ಬೇರ್ಪಡಿಸಿ ಕೊಡುವುದಕ್ಕೂ ಆ ಬೀದಿ ಅಷ್ಟೇ ನಿಧಾನವಾಗಿ ಒಗ್ಗಿತ್ತು.

ಮೂರನೆಯ ಅಂಕಣದ ಹಿಂದಿನ ಗೋಡೆಗೆ ತಾಗಿಯೇ ನಿವೃತ್ತರಾದ ಮೇಷ್ಟ್ರ ಮನೆ. ಒಂದು ಮಂಗಳವಾರ ಸಂಜೆ ಮೇಷ್ಟ್ರು ಗೇಟಿನ ಬಳಿ ಬಂದು ನಿಂತರು. ಕೈಯಲ್ಲಿ ಕನ್ನಡಕ ಹಿಡಿದಿದ್ದರು; ಅದನ್ನು ಒರೆಸುವ ಬದಲು ಬರಿದೆ ಮಡಚುತ್ತಾ ಬಿಡಿಸುತ್ತಾ ಇದ್ದರು.

"ನಮ್ಮನೆಯವಳಿಗೆ ಇನ್ನು ಒಂದು ವಾರ ಅಂದ್ರಮ್ಮ ಡಾಕ್ಟ್ರು. ಹೆಚ್ಚು ಅಂದ್ರೆ."

ರಾಶಿಯಕ್ಕನ ಕೈಯ ಬುಟ್ಟಿ ಕೆಳಗಿಳಿಯಿತು.

"ಕಿಟಕಿ ಹಾಕಿದ್ರೆ ಉಸಿರು ಸಿಕ್ಕಲ್ಲ ಅಂತಾಳೆ. ತೆಗೆದಿಟ್ರೆ... ನಾಳೆ ಬುಧವಾರ. ಕೇಳೋದಕ್ಕೆ ನಾಚಿಕೆ ಆಗುತ್ತೆ. ನೀನು ಈ ಅಂಗಳ ಶುರು ಮಾಡಿದಾಗ ಮನೆಮನೆಗೆ ನಿನ್ನ ಜತೆ ಬಂದು ಸಹಿ ಹಾಕಿಸಿದೋನು ನಾನೇ. ಈಗ ನಾನೇ ಬೇಡ ಅಂತಿದ್ದೀನಿ."

"ನೀವೇನೂ ಹೇಳ್ಬೇಡಿ ಮೇಷ್ಟ್ರೇ," ಎಂದಳು ರಾಶಿಯಕ್ಕ. ಗಂಡನ ಕೊನೆಯ ದಿನಗಳು ಅವಳ ಕಣ್ಣಮುಂದೆ ಬಂದಿದ್ದವು. "ಅಮ್ಮನ ಉಸಿರು ಇರೋವರೆಗೂ ನಾನು ಒಂದು ರಾಶಿನೂ ಮುಟ್ಟಲ್ಲ. ಇದು ನನ್ನ ಮಾತು."

ಒಂದು ವಾರ ಎಂದಿದ್ದರೆ ಸಾಕಾಗಿತ್ತು. ಒಂದು ಬುಧವಾರ ತಪ್ಪಿದರೆ ರಾಶಿ ತಾಳಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಆ ಲೆಕ್ಕದಲ್ಲೇ ಮಾತು ಬಾಯಿಂದ ಹೊರಟಿತ್ತು. ಆದರೆ ಕರುಣೆ ಉಕ್ಕಿದಾಗ ನಾಲಗೆ ಅಳತೆಗೋಲನ್ನು ಮನೆಯಲ್ಲೇ ಬಿಟ್ಟು ಬರುತ್ತದೆ.

ಮೊದಲ ವಾರದ ಹೊಸ ಕಸ ಬರಿದಾಗಿದ್ದ ಎಂಟನೆಯ ಅಂಕಣಕ್ಕೆ ಹೋಯಿತು. ವಾರ ಕಳೆಯಿತು. ಮೇಷ್ಟ್ರ ಮನೆಯ ಕಿಟಕಿ ತೆರೆದೇ ಇತ್ತು, ಒಳಗಿನಿಂದ ಸಣ್ಣ ಕೆಮ್ಮು ಕೇಳುತ್ತಲೇ ಇತ್ತು. ಎರಡನೆಯ ವಾರದ ಕಸವನ್ನು ಇರುವ ರಾಶಿಗಳ ನೆತ್ತಿಯ ಮೇಲೇ ಏರಿಸಬೇಕಾಯಿತು. ಭಾರಕ್ಕೆ ಅವು ಕುಸಿದು, ಒಳಗಿನ ಗಾಳಿಯನ್ನೆಲ್ಲ ಹೊರಗೆ ಒತ್ತಿ, ಗಟ್ಟಿಯಾದವು. ಹತ್ತನೆಯ ದಿನ ಅವುಗಳ ಮೈ ತಣ್ಣಗಾಯಿತು. ಹನ್ನೆರಡನೆಯ ದಿನ ಗೋಡೆಯ ಬುಡದಲ್ಲಿ ಕರಿನೀರು ಜಿನುಗಿತು. ಆಮೇಲೆ ಬಂದ ವಾಸನೆ ಬುಧವಾರದ ಆ ಬೆಚ್ಚಗಿನ ವಾಸನೆಯಲ್ಲ. ಹುಳಿಯೂ ಕೊಳೆಯೂ ಬೆರೆತು ಗಂಟಲಿಗೆ ಅಂಟಿಕೊಳ್ಳುವಂಥದು. ರಾಶಿಯನ್ನು ಮುಟ್ಟದಿದ್ದರೂ ಅದು ತಾನಾಗಿಯೇ ಹೊರಗೆ ಬರುತ್ತಿತ್ತು. ಮುಟ್ಟಿದರೆ ಇದರ ಹತ್ತರಷ್ಟು.

ಈಗ ಅತ್ತ ದರಿ, ಇತ್ತ ಪುಲಿ. ಮಗುಚುವುದು ಒಂದು ದಿನ ತಡವಾದಷ್ಟೂ ಮಗುಚಿದಾಗಿನ ದುರ್ಗಂಧ ಒಂದು ಪಟ್ಟು ಹೆಚ್ಚು. ದುರ್ಗಂಧ ಹೆಚ್ಚಾದಷ್ಟೂ ಮಗುಚುವುದು ಇನ್ನಷ್ಟು ಅಸಾಧ್ಯ. ದಾಟಿಸಲು ಬರಿದಾದ ಅಂಕಣವೂ ಉಳಿದಿರಲಿಲ್ಲ. ಬೇರೆ ಬಡಾವಣೆಯ ಅಂಗಳಗಳನ್ನು ಕೇಳಿದಳು; "ನಮ್ಮದೇ ಕುತ್ತಿಗೆಮಟ್ಟ ಬಂದಿದೆ ಅಕ್ಕಾ, ವಾರಕ್ಕೊಂದು ಹೊಸ ಕಟ್ಟಡ ಏಳ್ತಿದೆ" ಎಂದರು. ದಿನ ಬೆಳಗಾದರೆ ಕಸದ ಗಾಡಿ ಮಾತ್ರ ತಪ್ಪದೆ ಬರುತ್ತಿತ್ತು.

ಸಲಿಕೆಯಣ್ಣ ಕೆಲಸವಿಲ್ಲದೆ ಸಲಿಕೆಯ ಮೇಲೆ ಗಲ್ಲ ಊರಿ ನಿಂತಿರುತ್ತಿದ್ದ.

"ರಾಶಿಯಕ್ಕಾ, ನನ್ನ ಮದುವೆಲಿ ಕೂಡ ನಾನು ಇಷ್ಟು ಹೊತ್ತು ಸುಮ್ನೆ ನಿಂತಿರ್ಲಿಲ್ಲ."

"ನಗಿಸ್ಬೇಡ ಅಣ್ಣ. ನಕ್ರೆ ಉಸಿರು ಎಳ್ಕೋಬೇಕಾಗುತ್ತೆ."

ಒಳಗಿನಿಂದ ಅತ್ತೆಯ ಕಂಠ ಬಂತು. ಎಂಬತ್ತು ವರ್ಷದ ಆಕೆಗೆ ಕಣ್ಣು ಮಂದವಾಗಿತ್ತು, ಕಿವಿ ಮಂದವಾಗಿತ್ತು, ಮೂಗು ಮಾತ್ರ ಹದಿನಾರರದು. "ಊರಿಗೆಲ್ಲ ಮಾತು ಕೊಡ್ತಾಳೆ ನನ್ನ ಸೊಸೆ. ಅತ್ತೆಗೆ ಒಂದು ಹೊತ್ತು ಒಳ್ಳೆ ಗಾಳಿ ಕೊಡೋಕಾಗಲ್ಲ!"

"ಕೊಟ್ಟ ಮಾತು ಅತ್ತೆ. ಹೆಂಗೆ ತಪ್ಪಲಿ?"

"ಮಾತು ತಪ್ಪು ಅಂದ್ನೇನೇ ನಾನು? ಬೀದಿಯಲ್ಲಿ ಒಬ್ರೂ ಮಾತಾಡ್ತಿಲ್ಲ, ಗೊತ್ತಾ? ಎಲ್ರೂ ಮೂಗಿಗೆ ಬಟ್ಟೆ ಹಿಡಿದು, ಸಾಯೋ ಮನೆ ಅಂತ ಸುಮ್ನೆ ಇದ್ದಾರೆ. ಮೇಷ್ಟ್ರು ಸುಮ್ನೆ, ನೀನು ಸುಮ್ನೆ. ಇಷ್ಟು ಜನ ಒಳ್ಳೆಯವರು ಒಂದೇ ಬೀದೀಲಿ ಸೇರಿದ್ರೆ ಹಿಂಗೇ ಆಗೋದು."

ರಾಶಿಯಕ್ಕ ಪೊರಕೆ ಎತ್ತಿಕೊಂಡು ಗೋಡೆಯ ಬುಡದ ಕರಿನೀರು ಗುಡಿಸತೊಡಗಿದಳು. ಅವಳನ್ನು ಕಾಡುತ್ತಿದ್ದುದು ವಾಸನೆಗಿಂತ ಕೆಟ್ಟದ್ದು. ಹದಿನಾರನೆಯ ದಿನದ ಬೆಳಗ್ಗೆ ಬಾಗಿಲು ತೆರೆದವಳೇ ಎಂದಿನಂತೆ ಮೇಷ್ಟ್ರ ಕಿಟಕಿಯ ಕಡೆ ಕಿವಿಗೊಟ್ಟಿದ್ದಳು. ಕೆಮ್ಮು ಕೇಳಲಿಲ್ಲ. ಎಣಿಸುತ್ತಿದ್ದಂತೆ ಹತ್ತು ಉಸಿರು ಕಳೆಯಿತು, ಮೌನ. ಎದೆಯೊಳಗೆ ಏನೋ ಹಗುರವಾಗುತ್ತಿದ್ದಂತೆಯೇ ಕೆಮ್ಮು ಕೇಳಿಸಿತು, ಆ ಹಗುರ ತಟ್ಟನೆ ಭಾರವಾಗಿ ಕುಸಿಯಿತು. ಆಗ ಅವಳಿಗೆ ತಾನು ಕಾಯುತ್ತಿದ್ದುದೇನೆಂದು ತಿಳಿಯಿತು. ಒಬ್ಬ ತಾಯಿಯ ನೆಮ್ಮದಿಗೆಂದು ಕೊಟ್ಟ ಮಾತು ಅವಳನ್ನು ಆ ತಾಯಿಯ ಸಾವಿಗೆ ಬಾಗಿಲು ಕಾಯುವವಳನ್ನಾಗಿ ಮಾಡಿತ್ತು. ಕೈಕಾಲು ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. ತೊಳೆದರೆ ಹೋಗುವಂಥದಾಗಿರಲಿಲ್ಲ ಅದು.

ಮೂರು ಬುಧವಾರಗಳು ತಪ್ಪಿದ ಮೇಲೆ, ಗುರುವಾರ, ನಗರಾಡಳಿತದ ತನಿಖಾಧಿಕಾರಿ ಬಂದರು. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆಯಿಲ್ಲದೆ ಅವರನ್ನು ಕಂಡವರಿಲ್ಲ. ಅಂಗಳಗಳಲ್ಲೆಲ್ಲ ಅವರು ಕೊಡೆ ಸಾಹೇಬರು. ಕೊಡೆಯ ತುದಿಯಿಂದ ಮೂರನೆಯ ರಾಶಿಯನ್ನು ಚುಚ್ಚಿದರು. ಹಿಂದಕ್ಕೆಳೆದಾಗ ಕರಿನೀರು ಚಿಮ್ಮಿ ಬೂಟಿನ ಮೇಲೆ ಬಿತ್ತು.

"ಇದೇನಮ್ಮ, ಗೊಬ್ಬರ ಮಾಡ್ತಿದ್ದೀಯೋ, ಹೆಂಡ ಇಳಿಸ್ತಿದ್ದೀಯೋ?"

ಸಲಿಕೆಯಣ್ಣ ನಗು ಅಡಗಿಸಲು ಮುಖ ತಿರುಗಿಸಿಕೊಂಡ.

"ಮೂರು ವರ್ಷದಿಂದ ಬೇರೆ ಅಂಗಳದೋರಿಗೆಲ್ಲ ನಿನ್ನ ಅಂಗಳ ತೋರಿಸಿ ಬುದ್ಧಿ ಹೇಳಿದ್ದೀನಿ ನಾನು. ಏನು ಕಾರಣ?"

ಕಾರಣ ಗೋಡೆಯಾಚೆ, ಹತ್ತು ಹೆಜ್ಜೆ ದೂರದಲ್ಲಿ ಕೆಮ್ಮುತ್ತಿತ್ತು. ಹೇಳಿದರೆ ಇವರು ಇಂದೇ ಯಂತ್ರ ತರಿಸಿ ಆ ಕಿಟಕಿಯ ಕೆಳಗೆ ರಾಶಿ ಬಗೆಸುವರು. ನಿಯಮದಲ್ಲಿ ಹಾಸಿಗೆ ಹಿಡಿದವರಿಗೆ ಕಲಮಿಲ್ಲ.

"ತಪ್ಪು ನಂದೇ ಸಾಹೇಬ್ರೇ."

"ತಪ್ಪು ಯಾರದು ಅಂತ ಕೇಳ್ಲಿಲ್ಲ." ಕೊಡೆಯ ತುದಿಯನ್ನು ಗೋಡೆಗೆ ಒರೆಸುತ್ತಾ ಅವರು ದನಿ ತಗ್ಗಿಸಿದರು. "ನೋಡಮ್ಮ, ಶನಿವಾರದ ಒಳಗೆ ಇದೆಲ್ಲ ಮಗುಚಿ ಸರಿಯಾಗಿರ್ಬೇಕು. ಇಲ್ಲಾಂದ್ರೆ ಅಂಗಳಕ್ಕೆ ಬೀಗ. ಇಲ್ಲಿನ ಕಸ ನದಿ ಪಕ್ಕದ ಕಲ್ಲುಗುಂಡಿಗೆ ಹೋಗುತ್ತೆ, ಹಸಿ ಒಣ ಎಲ್ಲ ಒಟ್ಟಿಗೆ. ಬೆರೆಸೋಕೆ ಶುರು ಮಾಡಿದ ಕೈ ಮತ್ತೆ ಬೇರ್ಪಡಿಸಲ್ಲ, ನಿನಗೂ ಗೊತ್ತು ನನಗೂ ಗೊತ್ತು."

ಅವರು ಹೋದ ಮೇಲೆ ಸಲಿಕೆಯಣ್ಣ ಮೆಲ್ಲಗೆ ಹೇಳಿದ: "ಮಾತು ಕೊಟ್ಟಿದ್ದು ಮೇಷ್ಟ್ರಿಗೆ. ಮಾತು ವಾಪಸ್ ಕೊಡೋಕೆ ಆಗೋದೂ ಅವರಿಗೇನೆ. ಹೋಗಿ ಕೇಳಮ್ಮ."

"ಏನಂತ ಕೇಳಲಿ? ಇನ್ನೂ ಎಷ್ಟು ದಿನ ಅಂತಾನಾ?"

ಶುಕ್ರವಾರ ಬೆಳಗ್ಗೆ ಅವಳು ಒಗೆದ ಸೀರೆಯುಟ್ಟು ಮೇಷ್ಟ್ರ ಮನೆಯ ಮೂರು ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದವರ ಮುಖದಲ್ಲಿ ಹದಿನೆಂಟು ದಿನಗಳ ನಿದ್ದೆಗೇಡು ಬಳಿದಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವರು ಎರಡು ಕೈಯನ್ನೂ ಮುಂದೆ ಹಿಡಿದರು, ಹೊಡೆತ ತಡೆಯುವವರಂತೆ.

"ಗೊತ್ತಮ್ಮ. ಕೊಡೆ ಸಾಹೇಬ್ರು ಮಾತಾಡಿದ್ದು ಕೇಳಿಸ್ತು. ನನ್ನಿಂದಲೇ ರಾಶಿಗಳೆಲ್ಲ ಕೆಟ್ಟವು. ಆ ವಾಸನೆ ನನಗೆ ಗೊತ್ತಾಗ್ತಿಲ್ಲ ಅಂದ್ಕೊಂಡೆಯಾ? ಯಾವ ಬಾಯಲ್ಲಿ ದೂರಲಿ? ಈಗ ನೀನು ಅದನ್ನ ಬಗೆದ್ರೆ ಅವಳು ಈ ಮಧ್ಯಾಹ್ನ ದಾಟಲ್ಲ. ಬಗೆಯದಿದ್ರೆ ನಿನ್ನ ಮನೆ ಹೋಗುತ್ತೆ. ನೀನೇ ಹೇಳು, ನಾನು ಏನು ಹೇಳ್ಬೇಕು ಅಂತ ನೀನೇ ಹೇಳು."

"ಯಾರದು?" ಒಳಗಿನಿಂದ ತೆಳ್ಳನೆಯ ದನಿ ಕೇಳಿತು.

"ಯಾರೂ ಇಲ್ಲ, ನೀನು ಮಲಕ್ಕೋ."

"ಯಾರೂ ಕೇಳದ ಪಾಠ ಮೂವತ್ತು ವರ್ಷ ಮಾಡಿದ್ದು ಸಾಲದಾ, ಈಗ ಯಾರೂ ಇಲ್ದೋರ ಜತೆ ಮಾತೂ ಬೇರೆನಾ ನಿಮಗೆ? ಒಳಗೆ ಕರೀರಿ."

ಕೋಣೆ ಚಿಕ್ಕದು, ಬಲು ಚೊಕ್ಕಟ. ಮಂಚ ಕಿಟಕಿಯ ಕೆಳಗೆ. ಕುರ್ಚಿ ಮಾತ್ರ ಎದುರು ಮೂಲೆಯಲ್ಲಿ, ಬಾಗಿಲಿಗೆ ಅಂಟಿಕೊಂಡಂತೆ. ರೋಗಿಯ ಬಳಿ ಕೂರುವವರು ಅಷ್ಟು ದೂರ ಕುರ್ಚಿ ಹಾಕುವುದನ್ನು ರಾಶಿಯಕ್ಕ ಕಂಡಿರಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಬೇಡಮ್ಮ, ಅಲ್ಲೇ ನಿಲ್ಲು," ಎಂದಿತು ಮಂಚದ ಮೇಲಿನ ದನಿ. "ಹತ್ತಿರ ಬರಬೇಡ. ಇವರನ್ನೂ ಬರಬೇಡಿ ಅಂದಿದ್ದೀನಿ. ಮೊನ್ನೆ ಮಗಳು ಅಷ್ಟು ದೂರದಿಂದ ಬಂದಿದ್ಳು. ಅವಳನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದೆ."

"ಅಂಟುರೋಗವಾ ಅಮ್ಮ?"

"ಅಲ್ಲ." ಆಕೆ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡರು. "ನೀನು ಕಸುಬಿನವಳು, ನಿನ್ನ ಹತ್ರ ಏನು ಮುಚ್ಚುಮರೆ. ಐದಾರು ದಿನದಿಂದ ನನ್ನ ಮೈ ಕೊಳೀತಾ ಇದೆ. ಒಳಗೆಲ್ಲೋ. ನಾರುತ್ತೆ. ಮೊದಲು ಇವರನ್ನ ಕೇಳಿದೆ, ಏನಾದ್ರೂ ವಾಸನೆ ಬರ್ತಿದೆಯಾ ಅಂತ. ಏನೂ ಇಲ್ಲ, ನಿನ್ನ ಭ್ರಮೆ ಅಂದ್ರು. ಹೇಳುವಾಗ ಕಣ್ಣು ತಪ್ಪಿಸಿದ್ರು. ಆಗ ಗೊತ್ತಾಯ್ತು. ನನ್ನ ಮನಸ್ಸು ನೋಯಿಸ್ಬಾರದು ಅಂತ ಸುಳ್ಳು ಹೇಳ್ತಿದ್ದಾರೆ ಅಂತ."

ಮೇಷ್ಟ್ರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಹದಿನೆಂಟು ದಿನ ರಾಶಿಯಕ್ಕನ ಎದೆಯ ಮೇಲೆ ಕೂತಿದ್ದ ಭಾರ ಆ ಕ್ಷಣ ಮಗ್ಗುಲು ಬದಲಿಸಿತು. ಯಾರ ನೆಮ್ಮದಿಗೆಂದು ಒಂದು ಬೀದಿಗೆ ಬೀದಿಯೇ ಬಾಯಿ ಕಟ್ಟಿಕೊಂಡಿತ್ತೋ ಆಕೆ, ಆ ಮೌನದ ನಡುವೆ, ಬದುಕಿರುವಾಗಲೇ ತನ್ನನ್ನು ತಾನು ಹೂತುಕೊಂಡು ಮಲಗಿದ್ದರು.

"ಅಮ್ಮಾ," ಎಂದಳು, "ಅದು ನೀವಲ್ಲ. ಅದು ನನ್ನ ರಾಶಿ."

"ಏನಂದೆ?"

"ನಿಮ್ಮ ಕಿಟಕಿ ಕೆಳಗೆ ನಾರ್ತಿರೋದು ನನ್ನ ಮೂರನೇ ರಾಶಿ. ಮೂರು ಬುಧವಾರ ಮಗುಚಿಲ್ಲ. ಮಗುಚಬೇಡ ಅಂತ ಮೇಷ್ಟ್ರು ಕೇಳಿದ್ರು, ನಿಮಗೆ ವಾಸನೆ ಬಡೀಬಾರದು ಅಂತ. ನಾನು ಮಾತು ಕೊಟ್ಟೆ. ಗಾಳಿ ಇಲ್ದೆ ಎಲ್ಲ ಹುಳೀತು. ಯಾರೂ ನಿಮಗೆ ಹೇಳಲಿಲ್ಲ."

ಆಕೆ ಗಂಡನ ಮುಖ ನೋಡಿದರು. ಅವರು ತಲೆ ಬಗ್ಗಿಸಿದರು.

"ಹತ್ತಿರ ಬಾ," ಎಂದರು ಆಕೆ. "ಇನ್ನೂ ಹತ್ತಿರ. ಬಗ್ಗು. ನಿನ್ನ ಮೂಗಿಗೆ ಈ ಊರಿನ ಎಲ್ಲ ಕೊಳೆಯೂ ಗೊತ್ತು. ಮೂಸಿ ನೋಡಿ ಹೇಳು. ಕಣ್ಣು ತಪ್ಪಿಸ್ಬೇಡ."

ರಾಶಿಯಕ್ಕ ಮೊಣಕಾಲೂರಿ, ಆ ಬತ್ತಿದ ಕತ್ತಿನ ಬಳಿಗೆ ಮುಖ ತಂದು, ಮೂರು ವಾರಗಳಲ್ಲಿ ಮೊದಲ ಸಲ ಎದೆತುಂಬ ಉಸಿರೆಳೆದುಕೊಂಡಳು.

"ಸೋಪಿನ ವಾಸನೆ ಅಮ್ಮ. ಔಷಧದ್ದು ಸ್ವಲ್ಪ. ಬಿಸಿಲಲ್ಲಿ ಒಣಗಿದ ಹತ್ತಿಬಟ್ಟೆದು. ಇನ್ನೇನೂ ಇಲ್ಲ."

"ಆಣೆ?"

"ನನ್ನ ಅತ್ತೆ ಆಣೆ. ಅವರು ಈಗ ನನ್ನನ್ನ ಮನೆಯಿಂದ ಓಡಿಸೋ ಹಾಗಿದ್ದಾರೆ, ಆದ್ರೂ ಅವರ ಆಣೆ."

ಆಕೆಯ ಮೈ ಅಲುಗಿತು. ಕೆಮ್ಮೆಂದು ಮೇಷ್ಟ್ರು ನೀರಿಗೆ ಓಡಿದರು, ಅದು ನಗುವಾಗಿತ್ತು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು, ಆಮೇಲೆ ಎಲ್ಲವೂ ತಣ್ಣಗಾಯಿತು.

"ಅಯ್ಯೋ ಪುಣ್ಯಾತ್ಮರಾ," ಎಂದರು ಆಕೆ ಕೊನೆಗೆ. "ನನ್ನದೇ ಹೊಲಸು ಅಂದ್ಕೊಂಡು ನಾಚಿಕೆಯಿಂದ ಸಾಯ್ತಾ ಇದ್ದೆ. ಊರಿಂದು ಅಂತ ಗೊತ್ತಾದ್ಮೇಲೆ ಅದರ ಪಾಡಿಗೆ ಅದು ನಾರಲಿ. ಹೋಗಮ್ಮ, ಇವತ್ತೇ ತೆಗಿ."

"ಉಸಿರು ಕಟ್ಟುತ್ತೆ ಕಣೇ," ಎಂದರು ಮೇಷ್ಟ್ರು, ಲೋಟ ಹಿಡಿದು ಬರುತ್ತಾ.

"ಕಟ್ಟಿದ್ರೆ ಬೀಸಣಿಗೆ ತಗೊಳ್ಳಿ. ದೂರದಿಂದ ಬೀಸೋಕಾಗಲ್ಲ, ಹತ್ತಿರ ಕೂತ್ಕೊಂಡು ಬೀಸಿ. ಮಗಳಿಗೂ ಫೋನ್ ಮಾಡಿ. ಬಾ ಅಂತ ಅನ್ನಿ." ಮತ್ತೆ ರಾಶಿಯಕ್ಕನ ಕಡೆ ತಿರುಗಿ, "ನಿನ್ನ ಮಾತು ನಿನಗೆ ವಾಪಸ್. ಇನ್ನೊಂದು ಸಲ ಯಾರಿಗಾದ್ರೂ ಮಾತು ಕೊಡೋ ಮುಂಚೆ, ಯಾರಿಗೋಸ್ಕರ ಕೊಡ್ತಿದ್ದೀಯೋ ಅವರನ್ನ ಒಂದು ಮಾತು ಕೇಳು."

ಅಂದು ಹಗಲೆಲ್ಲ ಅವಳೂ ಸಲಿಕೆಯಣ್ಣನೂ ಮೂಗುಬಾಯಿಗೆ ಬಟ್ಟೆ ಬಿಗಿದು ಅಂಗಳದ ಮುಂಭಾಗದ ಬಯಲಿನಲ್ಲಿ ತಾಡಪಾಲು ಹಾಸಿ, ರಾಶಿಗಳನ್ನು ಒಂದೊಂದಾಗಿ ಬಿಚ್ಚಿ ಹರಡಿದರು. ದುರ್ಗಂಧ ಗೋಡೆ ಹಾರಿ ಬೀದಿಯನ್ನು ತುಂಬಿತು. ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಯಾರೋ ಮಹಡಿಯಿಂದ ಕೂಗಿ ಬೈದರು; ಮೂರು ವಾರ ನುಂಗಿದ್ದ ಬೈಗುಳವಾದ್ದರಿಂದ ಅದು ಸಾಕಷ್ಟು ಉದ್ದವಾಗಿತ್ತು. "ಬೈಲಿ ಬಿಡು," ಎಂದ ಸಲಿಕೆಯಣ್ಣ. "ಬಾಯಿ ಬಿಟ್ರಲ್ಲ, ಅಷ್ಟು ಸಾಕು."

ಎರಡು ರಾಶಿಗಳು ಮತ್ತೆ ಏಳಲಿಲ್ಲ. ಅವನ್ನು ಗಾಡಿಗೆ ತುಂಬಿ ನದಿಯ ಪಕ್ಕದ ಕಲ್ಲುಗುಂಡಿಗೇ ಕಳಿಸಬೇಕಾಯಿತು. ಮೂರು ವರ್ಷಗಳಲ್ಲಿ ಆ ಅಂಗಳದಿಂದ ಅಲ್ಲಿಗೆ ಹೋದ ಮೊದಲ ಗಾಡಿ ಅದು. ರಾಶಿಯಕ್ಕ ಅದನ್ನು ತಿರುವಿನವರೆಗೂ ನೋಡುತ್ತ ನಿಂತಿದ್ದಳು. ಉಳಿದವಕ್ಕೆ ಒಣ ಎಲೆ ಬೆರೆಸಿ ಅಂಕಣಕ್ಕೆ ತುಂಬುವಾಗ ಸಂಜೆಯಾಗಿತ್ತು, ಒಂದು ಅಂಕಣ ಬರಿದಾಗಿತ್ತು. ಮರುದಿನ ಬಂದ ಕೊಡೆ ಸಾಹೇಬರು ಮೂಗು ಹಿಡಿದುಕೊಂಡೇ ಎಂಟು ದಿನಗಳ ಅವಧಿ ಬರೆದುಕೊಟ್ಟರು. ಬೀಗದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ಮುಂದಕ್ಕೆ ಹಾಕಿದ್ದರು.

ಆ ಶುಕ್ರವಾರ ರಾಶಿ ಬಿಚ್ಚಿದಷ್ಟೂ ಹೊತ್ತು ಮೇಷ್ಟ್ರ ಮನೆಯ ಆ ಒಂದು ಕಿಟಕಿ ತೆರೆದೇ ಇತ್ತು. ಮೂರನೆಯ ರಾಶಿಗೆ ಮೊದಲ ಸಲಿಕೆ ಹಾಕುವ ಮುನ್ನ ರಾಶಿಯಕ್ಕ ಕೈ ತಡೆದು ಕಿವಿಗೊಟ್ಟಳು. ಗೋಡೆಯಾಚೆ ಮರದ ಕುರ್ಚಿಯೊಂದು ನೆಲದ ಮೇಲೆ ಗೀರುತ್ತ, ಬಾಗಿಲಿನ ಕಡೆಯಿಂದ ಮಂಚದ ಕಡೆಗೆ, ಎಳೆದೊಯ್ಯಲ್ಪಡುತ್ತಿದ್ದ ಸದ್ದು ಕೇಳಿಸಿತು.

ಈ ಕಥೆಗೆ ಕಿವಿಯಿತ್ತ ಎಲ್ಲರ ಮನೆಗಳಲ್ಲೂ ಗಾಳಿ ಆಡುತ್ತಿರಲಿ. ನಿಮ್ಮ ಕರುಣೆಗೆ ಕಣ್ಣಿರಲಿ, ನಿಮ್ಮ ಮೌನಕ್ಕೆ ಮಿತಿಯಿರಲಿ. ನೀವು ಬಿಸುಟದ್ದು ಮಣ್ಣಾಗಿ, ಆ ಮಣ್ಣು ಚಿಗುರಾಗಿ, ನಿಮ್ಮ ಮಕ್ಕಳ ಕೈಗೆ ಮರಳಿ ಬರಲಿ. ಹಾಸಿಗೆ ಹಿಡಿದ ಯಾರ ಬಳಿಯ ಕುರ್ಚಿಯೂ ದೂರವಾಗದಿರಲಿ. ಸರ್ವರಿಗೂ ಮಂಗಳವಾಗಲಿ.